ನಿಂಜಾ ಗೈಡನ್‌ನ 6-2 ದಾಟಲಾಗುತ್ತಿಲ್ಲ: ತಪ್ಪು ನನ್ನ ಕೈಯದೋ, ಆಟದ್ದೋ?

ಅರ್ಧದಾರಿ (ಪ್ರಶ್ನೆ)

ನಿಂಟೆಂಡೊದ ಹಳೆಯ ಗೇಮ್ ಯಂತ್ರವಾದ ಎನ್‌ಇಎಸ್‌ನ ಮೊದಲ ‘ನಿಂಜಾ ಗೈಡನ್’ ಆಟವನ್ನು ಒಮ್ಮೆಯಾದರೂ ಕೊನೆಯವರೆಗೆ ಆಡಿ ಮುಗಿಸಬೇಕೆಂದು ಹಟ ಹಿಡಿದು ಸುಮಾರು ಎರಡು ತಿಂಗಳಾಯಿತು. ಆಟದ ಒಟ್ಟು ಆರು ಅಂಕಗಳಲ್ಲಿ (ದೊಡ್ಡ ಭಾಗಗಳಲ್ಲಿ) ಮೊದಲ ಐದನ್ನು ಈಗ ಹೆಚ್ಚು ಪ್ರಯಾಸವಿಲ್ಲದೆ ದಾಟುತ್ತೇನೆ. ಆದರೆ ಆರನೆಯ ಅಂಕದ ಎರಡನೆಯ ಭಾಗ, ಅಂದರೆ 6-2, ನನ್ನನ್ನು ಅಲ್ಲಿಯೇ ಕಟ್ಟಿಹಾಕಿದೆ. ಕಿರಿದಾದ ಒಂದು ಕಟ್ಟೆಯ ಮೇಲೆ ನಿಂತು ಮುಂದಿನ ಕಟ್ಟೆಗೆ ಜಿಗಿಯಬೇಕು ಎನ್ನುವಷ್ಟರಲ್ಲಿ ಎದುರಿನಿಂದ ಹದ್ದು ಬರುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಒಂದು ಹೆಜ್ಜೆ ಹಿಂದೆ ಸರಿದರೆ, ಆಗ ತಾನೇ ಕೊಂದಿದ್ದ ಶತ್ರು ಮತ್ತೆ ಅದೇ ಜಾಗದಲ್ಲಿ ಪ್ರತ್ಯಕ್ಷನಾಗುತ್ತಾನೆ. ಇಬ್ಬರಲ್ಲಿ ಯಾರಾದರೊಬ್ಬರು ತಾಗಿದರೆ ಸಾಕು, ಆಟದ ನಾಯಕ ರ್ಯು ಹಯಾಬುಸಾ ಹಿಂದಕ್ಕೆ ಚಿಮ್ಮಿ ನೇರವಾಗಿ ಹಳ್ಳಕ್ಕೆ ಬೀಳುತ್ತಾನೆ. ಹದಿನಾರು ಮನೆಗಳ ಶಕ್ತಿಪಟ್ಟಿ ಪೂರ್ತಿ ತುಂಬಿದ್ದರೂ ಆ ಜೀವ ಅಲ್ಲಿಗೆ ಮುಗಿಯುತ್ತದೆ.

ನಾನು ಆಡುತ್ತಿರುವುದು ಕಂಪ್ಯೂಟರಿನ ಎಮ್ಯುಲೇಟರ್‌ನಲ್ಲಿ, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ. ಅದನ್ನು ದೊಡ್ಡ ಎಲ್‌ಸಿಡಿ ಟಿವಿಗೆ ಜೋಡಿಸಿದ್ದೇನೆ. ಆಟವನ್ನು ಬೇಕಾದ ಕ್ಷಣದಲ್ಲಿ ಉಳಿಸಿ ಅಲ್ಲಿಂದಲೇ ಮತ್ತೆ ಆಡಲು ಬಿಡುವ ಸೇವ್ ಸ್ಟೇಟನ್ನು ಇಲ್ಲಿಯವರೆಗೆ ಬಳಸಿಲ್ಲ. ನನ್ನ ಪ್ರಶ್ನೆ ಎರಡು. ಈ ಭಾಗಕ್ಕೆ ನಿಜವಾಗಿಯೂ ಬೇಕಾದದ್ದು ನನಗಿಲ್ಲದಷ್ಟು ಚುರುಕು ಕೈಯೇ, ಅಥವಾ ನಾನು ಗಮನಿಸದ ಯಾವುದಾದರೂ ಕ್ರಮ ಇಲ್ಲಿದೆಯೇ? ಮತ್ತು ಅಭ್ಯಾಸಕ್ಕಾಗಿ ಸೇವ್ ಸ್ಟೇಟ್ ಬಳಸಿದರೆ ಆಟವನ್ನು ಮುಗಿಸಿದೆ ಎಂದು ಹೇಳಿಕೊಳ್ಳುವ ಹಕ್ಕು ನನಗೆ ಉಳಿಯುತ್ತದೆಯೇ?

ಎಂಟುಬಿಟ್

ನಿಮ್ಮ ಕೈಯಲ್ಲಿ ದೋಷವಿಲ್ಲ. ದೋಷವಿರುವುದು ಆ ಒಂದು ಹೆಜ್ಜೆ ಹಿಂದೆ ಸರಿಯುವ ಅಭ್ಯಾಸದಲ್ಲಿ. ಈ ಆಟದಲ್ಲಿ ಶತ್ರುಗಳು ಹುಟ್ಟುವುದು ಗಡಿಯಾರವನ್ನು ನೋಡಿಕೊಂಡಲ್ಲ, ಪರದೆಯ ಅಂಚನ್ನು ನೋಡಿಕೊಂಡು. ಹಂತದ ನಕ್ಷೆಯಲ್ಲಿ ಪ್ರತಿಯೊಬ್ಬ ಶತ್ರುವಿಗೂ ಒಂದು ಜಾಗ ಗೊತ್ತುಪಡಿಸಲಾಗಿದೆ, ಮತ್ತು ಪರದೆ ಸರಿಯುತ್ತಾ ಹೋಗಿ ಅದರ ಅಂಚು ಆ ಜಾಗವನ್ನು ಮುಟ್ಟಿದ ಕ್ಷಣ ಆ ಶತ್ರು ಹುಟ್ಟಿಕೊಳ್ಳುತ್ತಾನೆ. ಅವನನ್ನು ಹಿಂದೆ ಕೊಂದಿದ್ದೀರೋ ಇಲ್ಲವೋ ಎಂಬ ಲೆಕ್ಕವನ್ನು ಆಟ ಇಟ್ಟುಕೊಳ್ಳುವುದೇ ಇಲ್ಲ. ಆದ್ದರಿಂದ ನೀವು ಹಿಂದೆ ಸರಿದು ಆ ಜಾಗವನ್ನು ಪರದೆಯಿಂದ ಹೊರಹಾಕಿ, ಮತ್ತೆ ಮುಂದೆ ಬಂದು ಒಳತಂದರೆ, ಅದು ಆಟದ ಪಾಲಿಗೆ ಹೊಸದಾಗಿ ಕಂಡ ಜಾಗ, ಹೊಸ ಶತ್ರು. ಇನ್ನೂ ಕೆಟ್ಟ ಸಂಗತಿಯೆಂದರೆ, ಅಂತಹ ಜಾಗವೊಂದು ಸರಿಯಾಗಿ ಪರದೆಯ ಅಂಚಿನಲ್ಲಿ ಬರುವಂತೆ ನೀವು ನಿಂತುಬಿಟ್ಟರೆ, ಕೊಂದವನ ಹಿಂದೆಯೇ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಎಂದು ಬರುತ್ತಲೇ ಇರುತ್ತಾರೆ. ನೀವು ಸಿಕ್ಕಿಬಿದ್ದಿರುವುದು ಇಂತಹ ಒಂದು ಕಟ್ಟೆಯಲ್ಲಿ.

ಇದರ ಇನ್ನೊಂದು ಮುಖವನ್ನು ಗಮನಿಸಿ. ಶತ್ರುವಿನ ಹುಟ್ಟು ನಿಮ್ಮ ನಡಿಗೆಗೆ ಕಟ್ಟುಬಿದ್ದಿರುವುದರಿಂದ, ನೀವು ಪ್ರತಿಸಲವೂ ಒಂದೇ ರೀತಿಯಲ್ಲಿ, ನಿಲ್ಲದೆ ಮುಂದೆ ಹೋದರೆ ಹದ್ದು ಪ್ರತಿಸಲವೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ, ಅದೇ ಗಳಿಗೆಯಲ್ಲಿ ಎದುರಾಗುತ್ತದೆ. ತಡೆದು ನಿಂತಾಗ ಮಾತ್ರ ಎಲ್ಲವೂ ಅಡ್ಡಾದಿಡ್ಡಿಯಾಗುತ್ತದೆ. ಈ ಆಟವನ್ನು ಹನ್ನೆರಡು ನಿಮಿಷದೊಳಗೆ ಮುಗಿಸುವ ವೇಗದ ಆಟಗಾರರ ಆಟವನ್ನು ನೋಡಿದರೆ ಅವರು ಎಲ್ಲಿಯೂ ನಿಲ್ಲದಿರುವುದು ಎದ್ದು ಕಾಣುತ್ತದೆ. ಅದನ್ನು ಕೇವಲ ಅವಸರ ಎಂದು ತಿಳಿಯಬೇಡಿ. ಎಷ್ಟೋ ಕಡೆ ಅದೇ ಅತ್ಯಂತ ಸುರಕ್ಷಿತವಾದ ದಾರಿ.

ಕೈಗೆ ಸಂಬಂಧಿಸಿದ ಒಂದು ಮಾತನ್ನೂ ಹೇಳುತ್ತೇನೆ. ನೆಲದ ಮೇಲೆ ಕತ್ತಿ ಬೀಸಿದರೆ ರ್ಯು ಅಲ್ಲಿಯೇ ನಿಂತುಬಿಡುತ್ತಾನೆ. ಗಾಳಿಯಲ್ಲಿ ಬೀಸಿದರೆ ಅವನ ಓಟಕ್ಕೆ ಯಾವ ಅಡ್ಡಿಯೂ ಇಲ್ಲ. ಹಾಗಾಗಿ 6-2ರಲ್ಲಿ ಕಟ್ಟೆಯ ಅಂಚಿನಲ್ಲಿ ನಿಂತು ಹದ್ದನ್ನು ಹೊಡೆದು ಆಮೇಲೆ ಜಿಗಿಯುತ್ತೇನೆ ಎನ್ನುವ ಬದಲು, ಮೊದಲೇ ಜಿಗಿದು, ಹಳ್ಳದ ಮೇಲೆಯೇ ಕತ್ತಿ ಬೀಸುವುದನ್ನು ರೂಢಿಸಿಕೊಳ್ಳಿ. ಮೊದಮೊದಲು ಹತ್ತಾರು ಸಲ ಬೀಳುತ್ತೀರಿ. ಬಿದ್ದರೂ ಪರವಾಗಿಲ್ಲ, ಈ ಆಟದಲ್ಲಿ ಕಂಟಿನ್ಯೂಗಳಿಗೆ (ಜೀವಗಳೆಲ್ಲ ಮುಗಿದ ಮೇಲೆ ಮತ್ತೆ ಆಡುವ ಅವಕಾಶಗಳಿಗೆ) ಮಿತಿಯಿಲ್ಲ.

ಹಳೆಪರದೆ

ಎಂಟುಬಿಟ್ ಅವರು ಹೇಳಿದ್ದು ಸರಿ, ಆದರೆ ಕೈಯಲ್ಲಿ ದೋಷವಿಲ್ಲ ಎನ್ನುವ ತೀರ್ಪಿಗೆ ಮುಂಚೆ ಟಿವಿಯನ್ನೂ ವಿಚಾರಿಸಬೇಕಿತ್ತು. ಎನ್‌ಇಎಸ್ ಸೆಕೆಂಡಿಗೆ ಸುಮಾರು 60 ಫ್ರೇಮ್‌ಗಳನ್ನು, ಅಂದರೆ ಬಿಡಿ ಚಿತ್ರಗಳನ್ನು, ಚಿತ್ರಿಸುತ್ತದೆ. ಒಂದು ಫ್ರೇಮ್ ಎಂದರೆ ಸುಮಾರು 16.6 ಮಿಲಿಸೆಕೆಂಡು. ಆ ಕಾಲದ ಚಿತ್ರನಳಿಕೆಯ ಟಿವಿಯಲ್ಲಿ ಸಂಕೇತ ಬಂದ ಹಾಗೆಯೇ ಚಿತ್ರ ಬೀಳುತ್ತಿತ್ತು. ಈಗಿನ ಟಿವಿಗಳು ಬಂದ ಚಿತ್ರವನ್ನು ಮೊದಲು ಹಿಗ್ಗಿಸಿ, ನುಣುಪು ಮಾಡಿ, ಬಣ್ಣ ತಿದ್ದಿ, ಆಮೇಲೆ ತೋರಿಸುತ್ತವೆ, ಮತ್ತು ಗೇಮ್ ಮೋಡ್ ಆನ್ ಮಾಡದಿದ್ದರೆ ಈ ಶೃಂಗಾರಕ್ಕೇ ಹಲವು ಫ್ರೇಮ್‌ಗಳು ಹೋಗಬಹುದು. ಐದು ಫ್ರೇಮ್ ತಡವಾಯಿತೆಂದುಕೊಂಡರೂ 80 ಮಿಲಿಸೆಕೆಂಡಿಗೂ ಹೆಚ್ಚು. ಅಂದರೆ ಹದ್ದು ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಆಟದೊಳಗೆ ಅದು ಇನ್ನಷ್ಟು ಮುಂದೆ ಬಂದಾಗಿರುತ್ತದೆ. ಮೊದಲ ಐದು ಅಂಕಗಳಲ್ಲಿ ಇದು ನಿಮಗೆ ಗೊತ್ತಾಗದಿರುವುದು ಸಹಜ, ಏಕೆಂದರೆ ಅಲ್ಲಿ ಒಂದೆರಡು ಪೆಟ್ಟನ್ನು ತಾಳಿಕೊಳ್ಳಲು ಅವಕಾಶವಿದೆ. ಈ ಕಟ್ಟೆಗಳ ಮೇಲೆ ಇಲ್ಲ.

ಟಿವಿಯ ಗೇಮ್ ಮೋಡ್ ಆನ್ ಮಾಡಿ, ಚಲನೆಯನ್ನು ನುಣುಪಾಗಿಸುವ ಸೌಲಭ್ಯವನ್ನು ಆಫ್ ಮಾಡಿ, ಸಾಧ್ಯವಾದರೆ ತಂತಿಯಿರುವ ಕಂಟ್ರೋಲರ್ ಬಳಸಿ. ನಿಮ್ಮ ಎಮ್ಯುಲೇಟರ್‌ನಲ್ಲಿ ಗುಂಡಿ ಒತ್ತಿದ್ದು ಪರದೆಗೆ ಬರುವ ತಡವನ್ನು ಕಡಿಮೆ ಮಾಡುವ ರನ್-ಅಹೆಡ್ ಎಂಬ ಆಯ್ಕೆಯಿದ್ದರೆ ಒಂದು ಫ್ರೇಮ್‌ನಷ್ಟು ಹಾಕಿ ನೋಡಿ.

ಇನ್ನೊಂದು ವಿಷಯ: ನೀವು ಆಡುತ್ತಿರುವುದು ಯಾವ ಆವೃತ್ತಿ? 1988ರ ಡಿಸೆಂಬರ್‌ನಲ್ಲಿ ಟೆಕ್ಮೊ ಕಂಪನಿ ಇದನ್ನು ಜಪಾನಿನಲ್ಲಿ ‘ನಿಂಜಾ ರ್ಯುಕೆಂಡೆನ್’ ಎಂಬ ಹೆಸರಿನಲ್ಲಿ ಫ್ಯಾಮಿಕಾಮ್‌ಗೆ (ಎನ್‌ಇಎಸ್‌ನ ಜಪಾನೀ ರೂಪಕ್ಕೆ) ತಂದಿತು. ಉತ್ತರ ಅಮೆರಿಕಕ್ಕೆ 1989ರಲ್ಲಿ ‘ನಿಂಜಾ ಗೈಡನ್’ ಆಗಿ ಬಂತು. ಯುರೋಪಿಗೆ 1991ರಲ್ಲಿ ‘ಶ್ಯಾಡೋ ವಾರಿಯರ್ಸ್’ ಎಂದಾಯಿತು. ಯುರೋಪಿನ ಯಂತ್ರಗಳು 50 ಹರ್ಟ್ಸ್‌ನವು (ಸೆಕೆಂಡಿಗೆ ಸುಮಾರು 50 ಫ್ರೇಮ್), ಹಾಗಾಗಿ ಒಂದು ಆವೃತ್ತಿಯ ವೇಗಕ್ಕೆ ಪಳಗಿದ ಕೈ ಇನ್ನೊಂದರಲ್ಲಿ ತಡವರಿಸಬಹುದು. ಯಾವುದಾದರೂ ಒಂದಕ್ಕೆ ಅಂಟಿಕೊಳ್ಳಿ.

ಸಂದೇಹಿ

ಇಬ್ಬರೂ ಆಟವನ್ನು ವಹಿಸಿಕೊಂಡು ಮಾತನಾಡುತ್ತಿದ್ದೀರಿ. ಆಟದ ತಪ್ಪನ್ನೂ ಒಬ್ಬರು ಹೇಳಬೇಕಲ್ಲ. ಕಷ್ಟದಲ್ಲಿ ಎರಡು ಬಗೆಯಿದೆ ಎಂದು ನಾನು ತಿಳಿದಿದ್ದೇನೆ. ಮೊದಲನೆಯದು ಆಟಗಾರನಿಗೆ ಕಲಿಸುವ ಕಷ್ಟ, ಎರಡನೆಯದು ಅವನ ಸಮಯವನ್ನು ತಿನ್ನುವ ಕಷ್ಟ. ಹದ್ದು ಮೊದಲ ಬಗೆಯದು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಕೊನೆಯ ಬಾಸ್‌ಗಳ, ಅಂದರೆ ಆಟದ ಕೊನೆಗೆ ಎದುರಾಗುವ ದೊಡ್ಡ ಶತ್ರುಗಳ, ಎದುರು ಸೋತರೆ ಆಟ ನಿಮ್ಮನ್ನು ಎಲ್ಲಿಗೆ ಕಳಿಸುತ್ತದೆ ಗೊತ್ತೇ? ನೇರವಾಗಿ 6-1ಕ್ಕೆ. ಅಂದರೆ ಈಗ ನೀವು ಸಿಕ್ಕಿಬಿದ್ದಿರುವ 6-2ನ್ನು ಹಾಗೂ ಹೀಗೂ ದಾಟಿ, 6-3ನ್ನೂ ದಾಟಿ, ಆಟದ ಖಳನಾಯಕ ಜಾಕ್ವಿಯೋನನ್ನು ಮೊದಲ ಬಾರಿ ಕಂಡು, ಅವನು ಹೇಗೆ ಬೆಂಕಿಯುಂಡೆ ಎಸೆಯುತ್ತಾನೆಂದು ಅರ್ಥವಾಗುವ ಮೊದಲೇ ಸತ್ತರೆ, ಈ ಕಟ್ಟೆಗಳೆಲ್ಲ ಮತ್ತೆ ನಿಮ್ಮ ಪಾಲಿಗೆ. ಇದರಲ್ಲಿ ಕಲಿಕೆ ಎಷ್ಟಿದೆ, ಶಿಕ್ಷೆ ಎಷ್ಟಿದೆ ಎಂದು ಯಾರಾದರೂ ಹೇಳಲಿ.

ಹೋಲಿಕೆಗೆ ಕ್ಯಾಪ್‌ಕಾಮ್‌ನ ‘ಘೋಸ್ಟ್ಸ್ ಎನ್ ಗಾಬ್ಲಿನ್ಸ್’ ತೆಗೆದುಕೊಳ್ಳಿ. ಅಲ್ಲಿ ನಾಯಕ ಆರ್ಥರ್ ಒಮ್ಮೆ ನೆಲ ಬಿಟ್ಟರೆ ಗಾಳಿಯಲ್ಲಿ ದಿಕ್ಕು ಬದಲಿಸುವಂತಿಲ್ಲ. ಒಂದು ಪೆಟ್ಟಿಗೆ ಕವಚ ಕಳಚುತ್ತದೆ, ಇನ್ನೊಂದಕ್ಕೆ ಪ್ರಾಣ. ಅಷ್ಟು ಸಾಲದೆಂಬಂತೆ, ಎಲ್ಲ ಹಂತಗಳನ್ನು ಮುಗಿಸಿದ ಮೇಲೆ ಇದೆಲ್ಲ ಒಂದು ಭ್ರಮೆಯಾಗಿತ್ತೆಂದು ಹೇಳಿ ಮೊದಲಿನಿಂದ ಇನ್ನೊಮ್ಮೆ ಆಡಿಸುತ್ತದೆ. ಅದಕ್ಕೆ ಹೋಲಿಸಿದರೆ ರ್ಯು ಗಾಳಿಯಲ್ಲಿ ತಿರುಗಬಲ್ಲ, ಗೋಡೆಗೆ ಅಂಟಿಕೊಳ್ಳಬಲ್ಲ, ಎದುರುಬದುರಾದ ಎರಡು ಗೋಡೆಗಳ ನಡುವೆ ಜಿಗಿಜಿಗಿದು ಮೇಲೇರಬಲ್ಲ. ಚಾಲನೆಯ ದೃಷ್ಟಿಯಿಂದ ನಿಂಜಾ ಗೈಡನ್ ಬಹಳ ಉದಾರವಾದ ಆಟ. ಅದಕ್ಕೇ ನನಗೆ ಸಿಟ್ಟು: ಇಷ್ಟು ಚೆನ್ನಾಗಿ ಚಲಿಸುವ ಪಾತ್ರವನ್ನು ಕೊಟ್ಟು, ಕಡೆಗೆ ಹೀಗೆ ದಣಿಸಿ ಸೋಲಿಸುವ ಅಗತ್ಯವಿರಲಿಲ್ಲ.

ಸೇವ್ ಸ್ಟೇಟ್ ವಿಚಾರದಲ್ಲಿ ನನ್ನ ಅಭಿಪ್ರಾಯ ಸರಳ. ಮೂಲ ಆಟದಲ್ಲಿ ಆಡಿದ್ದನ್ನು ಉಳಿಸಿಡಲು ಬ್ಯಾಟರಿಯೂ ಇಲ್ಲ, ಪಾಸ್‌ವರ್ಡೂ ಇಲ್ಲ. ಕುಳಿತಲ್ಲಿಂದ ಏಳದೆ ಮುಗಿಸಬೇಕು. ಎದ್ದು ಹೋಗಬೇಕಾದ ಕೆಲಸ ಇರುವವರು ಪ್ರತಿ ಅಂಕದ ಆರಂಭದಲ್ಲಿ ಒಂದು ಸೇವ್ ಇಟ್ಟುಕೊಂಡರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಎಂಟುಬಿಟ್

ಸಂದೇಹಿ ಅವರೇ, 6-1ಕ್ಕೆ ಹಿಂದಿರುಗಿಸುವುದು ಕ್ರೂರ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ರಿಯಾಯಿತಿಯನ್ನು ನೀವು ಹೇಳಲಿಲ್ಲ: ಕೊನೆಯ ಬಾಸ್‌ಗಳೊಂದಿಗಿನ ಮೂರು ಕಾಳಗಗಳಲ್ಲಿ ಗೆದ್ದದ್ದನ್ನು ಮತ್ತೆ ಆಡಬೇಕಾಗಿಲ್ಲ. ಮೊದಲನೆಯವನನ್ನು ಸೋಲಿಸಿ ಜಾಕ್ವಿಯೋನ ಕೈಯಲ್ಲಿ ಸತ್ತರೆ, ಹಿಂದಿರುಗಿ ಬಂದಾಗ ನೇರವಾಗಿ ಜಾಕ್ವಿಯೋನೇ ಎದುರಾಗುತ್ತಾನೆ. ಕರುಣೆ ಎಂದರೆ ಇದೇ ಎನ್ನುವಷ್ಟು ದೊಡ್ಡದಲ್ಲ, ಆದರೂ ಲೆಕ್ಕಕ್ಕೆ ಬರುತ್ತದೆ.

ಅರ್ಧದಾರಿ ಅವರಿಗೆ: ಸೇವ್ ಸ್ಟೇಟನ್ನು ಅಭ್ಯಾಸಕ್ಕೆ ಬಳಸುವುದಾದರೆ ಕಷ್ಟದ ಜಿಗಿತದ ಅಂಚಿನಲ್ಲಿ ಇಡಬೇಡಿ. ಅಲ್ಲಿ ನಿಂತ ಸ್ಥಿತಿಯಿಂದ ನೂರು ಸಲ ಅಭ್ಯಾಸ ಮಾಡಿದರೆ ನೀವು ಕಲಿಯುವುದು ನಿಂತ ಸ್ಥಿತಿಯಿಂದ ದಾಟುವುದನ್ನು. ನಿಜವಾದ ಆಟದಲ್ಲಿ ನೀವು ಓಡುತ್ತಾ ಬರುತ್ತೀರಿ, ಶತ್ರುಗಳು ಬೇರೆ ಗಳಿಗೆಯಲ್ಲಿ ಹುಟ್ಟಿರುತ್ತಾರೆ, ಕಲಿತದ್ದು ಕೆಲಸಕ್ಕೆ ಬರುವುದಿಲ್ಲ. 6-2ರ ಬಾಗಿಲಿನಲ್ಲಿಯೇ ಸೇವ್ ಇಡಿ, ಪ್ರತಿಸಲವೂ ಅಲ್ಲಿಂದಲೇ ಓಡಿ. ಆಮೇಲೆ ಒಮ್ಮೆ ಅದಿಲ್ಲದೆ ಮುಗಿಸಿದರೆ ಆ ಗೆಲುವಿನ ಮೇಲೆ ಯಾರೂ ಬೆರಳು ತೋರಿಸಲಾರರು.

ಹಳೆಪರದೆ

ಗಾಳಿಗಿರಣಿಯಂತೆ ತಿರುಗುತ್ತಾ ಹೋಗುವ ಆ ದೊಡ್ಡ ನಕ್ಷತ್ರಾಯುಧ ಸಿಕ್ಕರೆ ಅದನ್ನು ಬಿಡಬೇಡಿ, ಬೇರೆ ಆಯುಧದ ಆಸೆಗೆ ದಾರಿಯಲ್ಲಿ ಕಂಡ ಎಲ್ಲವನ್ನೂ ಒಡೆಯುತ್ತಾ ಹೋಗಿ ಅದನ್ನು ಕಳೆದುಕೊಳ್ಳಲೂಬೇಡಿ. ಎಸೆದ ಮೇಲೆ ಅದು ನಿಮ್ಮತ್ತಲೇ ಹಿಂದಿರುಗುತ್ತದೆ. ಹಿಂದಿರುಗುವಾಗ ನೀವು ಜಿಗಿದು ತಪ್ಪಿಸಿಕೊಂಡರೆ ಕೈಗೆ ಸಿಗದೆ ಮತ್ತೆ ತಿರುಗಿ ಬರುತ್ತದೆ, ಹೀಗೆ ಒಂದೇ ಎಸೆತದಲ್ಲಿ ಹಿಂದಿನ ಮತ್ತು ಮುಂದಿನ ಶತ್ರುಗಳಿಬ್ಬರನ್ನೂ ನೋಡಿಕೊಳ್ಳುತ್ತದೆ. ಒಂದು ಎಸೆತಕ್ಕೆ ಖರ್ಚಾಗುವ ಆಯುಧಶಕ್ತಿಯನ್ನು ಪೂರ್ತಿ ವಸೂಲು ಮಾಡಿಕೊಳ್ಳುವ ದಾರಿ ಇದು.

ಹಾಗೆಯೇ, ಪರದೆಯಲ್ಲಿ ಶತ್ರುಗಳು ಹೆಚ್ಚಾದಾಗ ಚಿತ್ರಗಳು ಮಿಣಮಿಣ ಎನ್ನುವುದನ್ನು ನೋಡಿ ಎಮ್ಯುಲೇಟರ್ ಕೆಟ್ಟಿದೆ ಎಂದು ತಿಳಿಯಬೇಡಿ. ಎನ್‌ಇಎಸ್ ಒಟ್ಟು 64 ಸ್ಪ್ರೈಟ್‌ಗಳನ್ನು (ಪಾತ್ರಗಳನ್ನು ಕಟ್ಟುವ ಪುಟ್ಟ ಚಿತ್ರತುಣುಕುಗಳನ್ನು) ತೋರಿಸಬಲ್ಲುದಾದರೂ ಪರದೆಯ ಒಂದೇ ಅಡ್ಡಗೆರೆಯಲ್ಲಿ 8ಕ್ಕಿಂತ ಹೆಚ್ಚನ್ನು ತೋರಿಸಲಾರದು. ಈ ಮಿತಿಯನ್ನು ತೆಗೆದುಹಾಕುವ ಆಯ್ಕೆ ಅನೇಕ ಎಮ್ಯುಲೇಟರ್‌ಗಳಲ್ಲಿದೆ. ನನ್ನ ಮಟ್ಟಿಗೆ ಅದನ್ನು ಬಳಸುವುದರಲ್ಲಿ ಮೋಸವೇನೂ ಇಲ್ಲ, ಶತ್ರುಗಳು ಅವರೇ, ಸ್ವಲ್ಪ ಸ್ಪಷ್ಟವಾಗಿ ಕಾಣುತ್ತಾರೆ ಅಷ್ಟೆ.

ಅರ್ಧದಾರಿ

ಎಲ್ಲರಿಗೂ ಧನ್ಯವಾದಗಳು. ಟಿವಿಯಲ್ಲಿ ಗೇಮ್ ಮೋಡ್ ಆಫ್ ಆಗಿಯೇ ಇತ್ತು. ಆನ್ ಮಾಡಿದ ತಕ್ಷಣ ಜಿಗಿತ ಬೆರಳಿಗೆ ಅಂಟಿಕೊಂಡಂತೆ ಆಯಿತು. ಆದರೂ ಮೊದಲ ಮೂರು ದಿನ ಅದೇ ಕಟ್ಟೆಯಿಂದ ಬೀಳುತ್ತಲೇ ಇದ್ದೆ, ಏಕೆಂದರೆ ಹದ್ದು ಕಂಡೊಡನೆ ಹೆಬ್ಬೆರಳು ತಾನಾಗಿ ಹಿಂದಿನ ಗುಂಡಿಯನ್ನು ಒತ್ತುತ್ತಿತ್ತು. ನಾಲ್ಕನೆಯ ದಿನ, ಏನಾದರಾಗಲಿ ಹಿಂದಿನ ಗುಂಡಿಯನ್ನು ಮುಟ್ಟುವುದೇ ಇಲ್ಲ ಎಂದು ನಿರ್ಧರಿಸಿ 6-2ರ ಬಾಗಿಲಿನಿಂದ ಓಡಿದೆ. ಹದ್ದು ಹಳ್ಳದ ನಡುವೆ ನನ್ನ ಕತ್ತಿಗೆ ತಾನಾಗಿ ಬಂದು ಸಿಕ್ಕಿತು. ಆ ಭಾಗವನ್ನು ಈಗ ಹತ್ತರಲ್ಲಿ ಆರೇಳು ಸಲ ದಾಟುತ್ತೇನೆ.

ನಿನ್ನೆ ರಾತ್ರಿ ಸೇವ್ ಸ್ಟೇಟ್ ಇಲ್ಲದೆ ಜಾಕ್ವಿಯೋನವರೆಗೆ ಹೋದೆ. ಸುಮಾರು ಇಪ್ಪತ್ತು ಸೆಕೆಂಡು ಬದುಕಿದ್ದೆ. ಆಮೇಲೆ ನಡೆದದ್ದು ಸಂದೇಹಿ ಅವರು ಹೇಳಿದಂತೆಯೇ.

ಸಂದೇಹಿ

ಮೊದಲ ಸಲಕ್ಕೆ ಇಪ್ಪತ್ತು ಸೆಕೆಂಡು ಕಡಿಮೆಯೇನಲ್ಲ, ನಾನು ಅದರ ಅರ್ಧವೂ ಇರಲಿಲ್ಲ. 6-1ರಲ್ಲಿ ಭೇಟಿಯಾಗೋಣ.