ಫಿಯೋರ್ಡ್ ತಳದಡಿಯ ಸ್ತರಭಂಗ, ಮಡಿಕೆಗಳನ್ನು ಗುರುತಿಸೋದು ಹೇಗೆ?

ಪ್ರಶ್ನೆ: ನಾನು ಭೂವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ಇಸ್‌ಫಿಯೋರ್ಡನ್ ಅನ್ನೋ ಫಿಯೋರ್ಡ್‌ನ (ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿದ ಕೊಲ್ಲಿ) ನಕ್ಷೆಯಲ್ಲಿ ನೀರಿರುವ ಜಾಗದಲ್ಲೂ ಸ್ತರಭಂಗಗಳ (ಬಂಡೆ ಒಡೆದು ಸರಿದ ಬಿರುಕುಗಳ) ಗೆರೆ ಎಳೆದಿದ್ದಾರೆ. ಎರಡೂ ದಡದ ಬಂಡೆ ನೋಡಿ ನಡುವೆ ಸ್ಕೇಲ್ ಇಟ್ಟು ಎಳೆದದ್ದಾ, ಅಳೆದದ್ದಾ?

ಉತ್ತರ (ಸೈಸ್ಮಿಕ್, ಅಂದ್ರೆ ನೆಲದಡಿಯಿಂದ ಬರುವ ಪ್ರತಿಧ್ವನಿಯ ದತ್ತಾಂಶ ಓದೋದು ನನ್ನ ಕೆಲಸ): ಎರಡೂ ಸ್ವಲ್ಪ ಸ್ವಲ್ಪ. ಹಡಗು ಒತ್ತಿದ ಗಾಳಿ ಸಿಡಿಸುವ ಏರ್‌ಗನ್‌ನಿಂದ ನೀರಿನಲ್ಲಿ ಸದ್ದು ಹೊಡೆಯುತ್ತಾ ಹೋಗುತ್ತೆ. ಹಿಂದೆ ಎಳೆದುಕೊಂಡು ಹೋಗುವ ಉದ್ದನೆಯ ಕೇಬಲ್‌ನ ಹೈಡ್ರೋಫೋನ್‌ಗಳು (ನೀರೊಳಗಿನ ಮೈಕ್‌ಗಳು) ಬಂಡೆ ಪದರಗಳಿಂದ ಮರಳಿ ಬರುವ ಪ್ರತಿಧ್ವನಿ ಹಿಡಿಯುತ್ತವೆ. ಪದರ ಒಂದು ಕಡೆ ತುಂಡಾಗಿ ಪಕ್ಕದಲ್ಲಿ ಮೇಲೋ ಕೆಳಗೋ ಮುಂದುವರಿದರೆ ಅಲ್ಲಿ ಸ್ತರಭಂಗ.

ಇಸ್‌ಫಿಯೋರ್ಡನ್‌ನಲ್ಲಿ ನಮ್ಮ ಪುಣ್ಯ ಏನಂದ್ರೆ, ಸುಮಾರು 5 ಕೋಟಿ ವರ್ಷದ ಹಿಂದೆ ಗ್ರೀನ್‌ಲ್ಯಾಂಡ್ ಒತ್ತಿದಾಗ ಎದ್ದ ಪಶ್ಚಿಮ ಸ್ಪಿಟ್ಸ್‌ಬರ್ಗನ್ (ಸ್ವಾಲ್ಬಾರ್ಡ್‌ನ ದೊಡ್ಡ ದ್ವೀಪ) ಮಡಿಕೆ ಪಟ್ಟಿಯನ್ನು ಈ ಫಿಯೋರ್ಡ್ ಅಡ್ಡಡ್ಡ ಸೀಳಿದೆ. ಅದರ ಉದ್ದಕ್ಕೆ ಸಾಗಿದರೆ ಇಡೀ ಪಟ್ಟಿಯ ಅಡ್ಡಸೀಳು ಸಿಗುತ್ತೆ. ಜಿಪ್ಸಮ್ ಪದರ, ಕಪ್ಪು ಶೇಲ್ (ಕೆಸರು ಗಟ್ಟಿಯಾದ ಹಾಳೆಹಾಳೆ ಕಲ್ಲು), ಇವೆರಡೂ ಮೆತ್ತಗೆ. ಥ್ರಸ್ಟ್‌ಗಳು (ಒತ್ತಡಕ್ಕೆ ಒಂದು ಬಂಡೆರಾಶಿ ಇನ್ನೊಂದರ ಮೇಲೇರಿದ ಸ್ತರಭಂಗಗಳು) ಇವುಗಳ ಮೇಲೇ ಜಾರಿ ಪೂರ್ವಕ್ಕೆ ಹೋಗಿವೆ.

ಮರುಪ್ರಶ್ನೆ: ಹಾಗಾದ್ರೆ ಚಿತ್ರ ಸ್ಪಷ್ಟವಾಗೇ ಬರಬೇಕಲ್ವಾ?

ಉತ್ತರ: ಬರಲ್ಲ. ಅಲ್ಲಿ ಮೇಲಿನ ಎಷ್ಟೋ ಬಂಡೆ ಸವೆದುಹೋಗಿ, ಒಮ್ಮೆ ಆಳದಲ್ಲಿ ಹೂತು ಗಟ್ಟಿಯಾದದ್ದು ಈಗ ತಳದಲ್ಲೇ ಕೂತಿದೆ. ಗಟ್ಟಿ ತಳಕ್ಕೂ ನೀರಿನ ಮೇಲ್ಮೈಗೂ ಮಧ್ಯೆ ಸದ್ದು ಪುಟಿಯುತ್ತಲೇ ಇರುತ್ತೆ. ಲೆಕ್ಕ ಹಾಕಿ: ನೀರು 250 ಮೀಟರ್ ಆಳ, ಸದ್ದಿನ ವೇಗ ಸೆಕೆಂಡಿಗೆ 1500 ಮೀಟರ್ ಅಂದ್ರೆ ತಳದ ಪ್ರತಿಧ್ವನಿ 0.33 ಸೆಕೆಂಡಿಗೆ ಬರುತ್ತೆ. ಎರಡನೇ ಸಲ ಪುಟಿದದ್ದು 0.67ಕ್ಕೆ. ಬಂಡೆಯಲ್ಲಿ ವೇಗ 4000 ಮೀಟರ್ ಹಿಡಿದರೆ, ಈ ಸುಳ್ಳು ತಳ ನಿಜವಾದ ತಳಕ್ಕಿಂತ ಸುಮಾರು 670 ಮೀಟರ್ ಕೆಳಗಿನ ಪದರದ ಮೇಲೇ ಬಂದು ಕೂರುತ್ತೆ. ನಮಗೆ ಬೇಕಾದ ಥ್ರಸ್ಟ್ ಅಲ್ಲೇ ಇದ್ದರೆ ಗೋವಿಂದ! ಸಂಸ್ಕರಣೆಯಲ್ಲಿ ತೆಗೀತೀವಿ, ಆದರೆ ಪೂರ್ತಿ ಹೋಗಲ್ಲ. ಕ್ರಿಟೇಶಿಯಸ್ ಕಾಲದಲ್ಲಿ ನುಗ್ಗಿದ ಡೋಲೆರೈಟ್ ಸಿಲ್‌ಗಳ (ಪದರಗಳ ನಡುವೆ ನುಗ್ಗಿ ಗಟ್ಟಿಯಾದ ಶಿಲಾಪಾಕದ ಹಾಳೆಗಳ) ಕಾಟ ಬೇರೆ: ಸೈಸ್ಮಿಕ್ ಚಿತ್ರದಲ್ಲಿ ಹೊಳೆಯುತ್ತವೆ, ಪದರದಿಂದ ಪದರಕ್ಕೆ ಹಾರುತ್ತವೆ, ಹಾರಿದ ಜಾಗ ಥೇಟ್ ಸ್ತರಭಂಗದಂತೆ ಕಾಣುತ್ತೆ.

ಕಡಿದಾದ ಮಡಿಕೆಗಳದ್ದು ಇನ್ನೊಂದು ತಕರಾರು. ಫಿಯೋರ್ಡ್ ಬಾಯಿಯ ಫೆಸ್ಟ್‌ನಿಂಗೆನ್‌ನಲ್ಲಿ ಪದರಗಳು ಪುಸ್ತಕದ ಕಪಾಟಿನ ಹಾಗೆ ನೆಟ್ಟಗೆ ನಿಂತಿವೆ. ದಡದಲ್ಲಿ ನಡೆದರೆ ಒಂದೊಂದನ್ನೂ ಕೈಯಿಂದ ಮುಟ್ಟಬಹುದು. ಅಂಥವು ನೀರಿನಡಿ ಇದ್ದರೆ ಸದ್ದು ಪಕ್ಕಕ್ಕೆ ಸಿಡಿದು ಹೋಗುತ್ತೆ, ಕೇಬಲ್‌ಗೆ ಏನೂ ಸಿಗಲ್ಲ. ಅದಕ್ಕೇ ಮೀಡಿಯಮ್‌ಫ್ಯೆಲೆಟ್‌ನಂಥ ದಡದ ಬೆಟ್ಟಗಳಲ್ಲಿ ಕಾಣುವ ಥ್ರಸ್ಟ್ ರಾಶಿಯ ಜತೆ ತಾಳೆ ನೋಡದ ಸೈಸ್ಮಿಕ್ ವ್ಯಾಖ್ಯಾನವನ್ನು ನಾನಂತೂ ನಂಬಲ್ಲ.

ಇನ್ನೊಬ್ಬರು: ಸದ್ದಿನಿಂದ ತಳದ ನಕ್ಷೆ ತೆಗೆಯುವ ಮಲ್ಟಿಬೀಮ್ ಸೋನಾರ್ ಸಾಲದಾ? ಈ ಸೈಸ್ಮಿಕ್ ಕೆಲಸದಿಂದ ಉಪಯೋಗ ಏನು?

ಉತ್ತರ: ಸೋನಾರ್ ತಳದ ಮೇಲ್ಮೈ ತೋರಿಸುತ್ತೆ, ಅದರಲ್ಲಿ ಬಹುಪಾಲು ಹಿಮನದಿ ತಂದ ಕೆಸರು. ಗಟ್ಟಿ ಬಂಡೆ ಏಣಾಗಿ ಎದ್ದ ಕಡೆ ಮಾತ್ರ ನೇರ ಸುಳಿವು. ಅನಿಲ ಸೋರಿ ಆದ ನೂರಾರು ಕುಳಿಗಳೂ ಕಾಣುತ್ತವೆ, ಸ್ತರಭಂಗಗಳ ಜತೆ ಹೋಲಿಸೋಕೆ ಅವು ಒಳ್ಳೆಯವು. ಉಪಯೋಗಕ್ಕೆ ಹೇಳೋದಾದ್ರೆ, ಸ್ವಾಲ್ಬಾರ್ಡ್‌ನ ಲಾಂಗ್‌ಯಿಯರ್‌ಬಿಯೆನ್ ಪಟ್ಟಣದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಕಾರ್ಬನ್ ಡೈಆಕ್ಸೈಡನ್ನು ನೆಲದಡಿ ತುಂಬಬಹುದಾ ಅಂತ ಪಕ್ಕದ ಆಡ್ವೆಂಟ್‌ಡಾಲೆನ್ ಕಣಿವೆಯಲ್ಲಿ ಕೊರೆದು ನೋಡಿದ್ದರು. ತುಂಬಿದ ಅನಿಲ ಮೇಲೆ ಬರದಂತೆ ತಡೆಯುವ ಮುಚ್ಚಳದ ಶೇಲ್ ಎಲ್ಲಿ ಸೀಳಿದೆ ಅನ್ನೋದೇ ಅಲ್ಲಿ ಮುಖ್ಯ ಪ್ರಶ್ನೆ. ಸ್ಥಾವರ 2023ರಲ್ಲಿ ನಿಂತಿತು, ದತ್ತಾಂಶ ಇನ್ನೂ ಕೆಲಸಕ್ಕೆ ಬರ್ತಿದೆ.