ಸ್ಕೇಟಿಂಗ್ ಬೂಟು ಒತ್ತುತ್ತಿದೆ: ಹಿಗ್ಗಿಸುವ ಮೊದಲು ಏನು ನೋಡಬೇಕು?

ಪ್ರಶ್ನೆ: ಫಿಗರ್ ಸ್ಕೇಟಿಂಗ್‌ಗೆ ಹೊಸ ಲೆದರ್ ಬೂಟು ತಗೊಂಡೆ. ಕಣಕಾಲಿನ ಒಳಗಂಟು ಉಜ್ಜಿ ಕೆಂಪಾಗುತ್ತೆ, ಬೆರಳು ಜೋಮು ಹಿಡಿಯುತ್ತೆ, ಹಿಮ್ಮಡಿ ಮೇಲೇಳುತ್ತೆ. ಮನೆ ಓವನ್‌ನಲ್ಲಿ ಬಿಸಿ ಮಾಡಿ ಗಂಟಿನ ಜಾಗ ಹಿಗ್ಗಿಸಬಹುದಾ ಸರ್?

ಉತ್ತರ (ಬೂಟು ಫಿಟ್ಟರ್): ಈಗಲೇ ಹಿಗ್ಗಿಸಬೇಡಿ. ಹಿಮ್ಮಡಿ ಎದ್ದಾಗ ಗಂಟೂ ಮೇಲೆ ಕೆಳಗೆ ಉಜ್ಜುತ್ತೆ. ಮೂಲ ಅಲ್ಲೇ ಇರಬಹುದು. ತೆಳು ಸಾಕ್ಸ್ ಹಾಕಿ, ಲೇಸು ಕಟ್ಟುವ ಮೊದಲು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ. ಬೆರಳಿನ ಕಡೆ ಲೇಸು ಸಡಿಲ, ಪಾದದ ಮೇಲ್ಭಾಗದಿಂದ ಕಣಕಾಲು ಮಡಚುವ ಜಾಗದವರೆಗೆ ಬಿಗಿ, ಮೇಲಿನ ಕೊಕ್ಕೆಗಳಲ್ಲಿ ಮತ್ತೆ ಸ್ವಲ್ಪ ಸಡಿಲ. ಕೆಳಗಿನಿಂದಲೇ ಬಿಗಿದರೆ ಜೋಮು ಹಿಡಿಯುತ್ತೆ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಲಘುವಾಗಿ ತಾಗಿ, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು. ನಿಂತಾಗಲೂ ಮುಂದೆ ಜಾಗ ಉಳಿದು ಹಿಮ್ಮಡಿ ಏಳುತ್ತಿದ್ದರೆ ಬೂಟೇ ಉದ್ದ. ಅದಕ್ಕೆ ಯಾವ ರಿಪೇರಿಯೂ ಇಲ್ಲ, ಸೈಜು ಬದಲಿಸಿ.

ಸೈಜು ಸರಿಯಿದ್ದರೆ ಬೂಟು ಪಾದದ ಆಕಾರಕ್ಕೆ ಕೂರುವಂತೆ ಅಂಗಡಿಯಲ್ಲಿ ಬಿಸಿ ಮಾಡಿಸಿ, ಮನೆ ಓವನ್‌ನಲ್ಲಿ ಬೇಡ. ಸಾಮಾನ್ಯವಾಗಿ 80–90 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು, ಸಮಯ ಕಂಪನಿಯ ಸೂಚನೆಯಂತೆ. ಮನೆ ಓವನ್‌ನ ಶಾಖ ಏರಿಳಿಯುತ್ತೆ, ಕಾಯಿಲ್ ಹತ್ತಿರದ ಭಾಗ ಸುಟ್ಟು ಸೋಲ್‌ನ ಅಂಟು ಬಿಡುತ್ತೆ. ಬಿಸಿ ಬೂಟು ಹಾಕಿ ಲೇಸು ಕಟ್ಟಿದ ಮೇಲೆ ಮಂಡಿ ಮಡಚಿ ಕೂತು ತಣ್ಣಗಾಗಲು ಬಿಡಿ. ಓಡಾಡಿದರೆ ಆಕಾರ ಕೆಡುತ್ತೆ. ಎಲ್ಲಾ ಬೂಟುಗಳೂ ಶಾಖಕ್ಕೆ ಮಣಿಯಲ್ಲ, ಮಾದರಿ ವಿಚಾರಿಸಿ.

ಆಮೇಲೂ ಗಂಟು ಒತ್ತಿದರೆ ಅದರ ತುದಿಗೆ ಲಿಪ್‌ಸ್ಟಿಕ್ ಹಚ್ಚಿ, ಬರಿಗಾಲಲ್ಲಿ ಬೂಟು ತೊಟ್ಟು ತೆಗೆಯಿರಿ. ಒಳಗೆ ಬಿದ್ದ ಗುರುತೇ ಹಿಗ್ಗಿಸಬೇಕಾದ ಜಾಗ. ಗುಂಡು-ಬಳೆ ಇಕ್ಕಳದಲ್ಲಿ (ಒಂದು ತುದಿಯಲ್ಲಿ ಗುಂಡು, ಇನ್ನೊಂದರಲ್ಲಿ ಬಳೆ ಇದ್ದು ನಡುವೆ ಲೆದರ್ ಒತ್ತುವ ಸಾಧನ) ಅಷ್ಟನ್ನೇ ಒತ್ತಿಸಿ ರಾತ್ರಿಯಿಡೀ ಹಾಗೇ ಇಡಿಸಿ. ಒಂದೆರಡು ಮಿಲಿಮೀಟರ್ ಹಿಗ್ಗಿದರೂ ದೊಡ್ಡ ವ್ಯತ್ಯಾಸ. ಅತಿಯಾದರೆ ಹಿಮ್ಮಡಿಯ ಹಿಡಿತವೇ ಹೋಗುತ್ತೆ. ಬಿಸಿ ಮಾಡುವುದು ಮೊದಲು, ಹಿಗ್ಗಿಸುವುದು ಆಮೇಲೆ. ಹಿಗ್ಗಿಸಿದ ಬೂಟನ್ನು ಮತ್ತೆ ಕಾಯಿಸಿದರೆ ಉಬ್ಬು ಇಳಿದುಬಿಡಬಹುದು.

ಪ್ರಶ್ನೆ: ಧನ್ಯವಾದ ಸರ್. ಲೇಸು ಬದಲಿಸಿದ್ದಕ್ಕೇ ಜೋಮು ಹೋಯ್ತು. ಆದರೆ ಬಲಗಾಲು ಒಳಗಡೆಗೆ ವಾಲುತ್ತೆ. ಇನ್ಸೋಲ್ ಕೆಳಗೆ ಏನಾದರೂ ತುರುಕಬೇಕಾ?

ಉತ್ತರ (ಬ್ಲೇಡ್ ಜೋಡಿಸುವವರು): ಮೊದಲು ಬ್ಲೇಡ್ ಜಾಗ ನೋಡೋಣ ಮೇಡಂ. ಬ್ಲೇಡನ್ನು ಸೋಲ್‌ಗೆ ಕೂರಿಸುವ ತಟ್ಟೆಯ ಉದ್ದನೆಯ ತೂತುಗಳಲ್ಲಿ ತಾತ್ಕಾಲಿಕ ಸ್ಕ್ರೂ ಮಾತ್ರ ಇದ್ದರೆ ಸಡಿಲಿಸಿ, ಬ್ಲೇಡನ್ನು ವಾಲುವ ಕಡೆಗೇ, ಅಂದರೆ ಒಳಗಡೆಗೇ, 1 ಮಿಲಿಮೀಟರ್ ಸರಿಸಿ. ತೂಕದ ನೇರ ಕೆಳಗೆ ಬ್ಲೇಡ್ ಬರಬೇಕು, ಅಷ್ಟೇ. ಒಂದು ಕಾಲಲ್ಲಿ ನೇರ ಜಾರಿ ನೋಡಿ, ಇನ್ನೂ ವಾಲಿದರೆ ಮತ್ತೆ 1 ಮಿಲಿಮೀಟರ್. ಸರಿಹೋಗದಿದ್ದರೆ ಪಾದದ ಕಮಾನು ಕುಸಿಯುತ್ತಿರಬಹುದು, ಆಗ ಕಮಾನಿಗೆ ಆಧಾರ ಕೊಡುವ ಇನ್ಸೋಲ್ ಬೇಕು. ಬಿಡಿ ತುಂಡು ತುರುಕಿದರೆ ಜರುಗಿ ಬೊಬ್ಬೆ ಏಳುತ್ತೆ. ಜಾಗ ಖಚಿತವಾದ ಮೇಲೆ ಕಾಯಂ ಸ್ಕ್ರೂ ಹಾಕಿಸಿ, ಹಳೆಯ ತೂತು ಇದ್ದರೆ ಮುಚ್ಚಿಸಿ. ಲೆದರ್ ಸೋಲ್‌ಗೆ ನೀರು ಇಳಿದರೆ ಸ್ಕ್ರೂ ಹಿಡಿತವೇ ಬಿಟ್ಟುಹೋಗುತ್ತೆ.