ಸಹಾಯ ಬೇಕು: ಹೆಸರಿನ ವ್ಯತ್ಯಾಸದಿಂದ ನಿಂತಿರುವ ಕುಟುಂಬ ಪಿಂಚಣಿ

ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರ. ಸೇನೆಯಿಂದ ಹವಾಲ್ದಾರರಾಗಿ ನಿವೃತ್ತರಾಗಿ ಖಡಕಿಯಲ್ಲಿ ನೆಲೆಸಿದ್ದ ನನ್ನ ಯಜಮಾನರು, ಆರು ವರ್ಷ ಡಯಾಲಿಸಿಸ್‌ನಲ್ಲಿದ್ದು, ಕಳೆದ ಶ್ರಾವಣದಲ್ಲಿ ತೀರಿಕೊಂಡರು. ನಿವೃತ್ತಿಯಾದಾಗ ಸೇನೆ ಕೊಟ್ಟ ಅವರ ಡಿಸ್ಚಾರ್ಜ್ ಬುಕ್ಕಿನಲ್ಲಿ ನನ್ನ ಹೆಸರಿನ ಕೊನೆಗೆ ‘ಅವ್ವ’ ಎಂದಿದ್ದು, ಇಲ್ಲಿಗೆ ಬಂದ ಮೇಲೆ ಮಾಡಿಸಿದ ಆಧಾರ್ ಕಾರ್ಡಿನಲ್ಲಿ ಅದು ‘ಬಾಯಿ’ ಆಗಿರುವುದರಿಂದ, ಸೈನಿಕರ ಪಿಂಚಣಿಗಾಗಿ ಇರುವ ‘ಸ್ಪರ್ಶ್’ ಪೋರ್ಟಲ್‌ನಲ್ಲಿ ಸಲ್ಲಿಸಿದ ಕುಟುಂಬ ಪಿಂಚಣಿಯ ಅರ್ಜಿ ಎರಡು ಬಾರಿ ಹಿಂದಿರುಗಿದೆ. ಊರಿನಲ್ಲಿ ಅವ್ವ, ಇಲ್ಲಿ ಬಾಯಿ, ಹೆಂಗಸು ಒಬ್ಬಳೇ! ಸಾಮಾನ್ಯ ದರ ಕೊನೆಯ ವೇತನದ ಶೇ. 30ರಷ್ಟೇ ಆದರೂ, ಔಷಧಿ ಅಂಗಡಿಯ ಸಾಲ ತೀರಿಸಲು ನನಗಿರುವುದು ಅದೊಂದೇ ದಾರಿ. ಹೆಸರು ಸರಿಪಡಿಸಲು ನೋಟರಿ ಅಫಿಡವಿಟ್ ಸಾಕೇ, ಅಥವಾ ಸೇನೆಯ ರೆಕಾರ್ಡ್ ಆಫೀಸಿನಿಂದ ಪಾರ್ಟ್ 2 ಆರ್ಡರ್ (ಸೇವಾ ದಾಖಲೆಯಲ್ಲಿ ಬದಲಾವಣೆ ನಮೂದಿಸುವ ಆದೇಶ) ಆಗಲೇಬೇಕೇ ಎಂಬುದನ್ನು ಇದೇ ತೊಡಕನ್ನು ಬಿಡಿಸಿಕೊಂಡ ಮಾಜಿ ಸೈನಿಕರ ಮನೆಯವರು ದಯವಿಟ್ಟು ತಿಳಿಸಬೇಕು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಕೊಡಲು ಮರಾಠಿಯಲ್ಲಿ ಅರ್ಜಿ ಬರೆದುಕೊಡುವವರಿದ್ದರೆ ಉಪಕಾರವಾಗುತ್ತದೆ.